ಎಲ್ಲರನ್ನೂ ಕೂರಿಸಿ ಮಾತಾಡಿಸಿದರೆ ಜಗಳ ಆಗುವುದಿಲ್ಲವಾ?

"ಸಭೆಯ ಮುಂದಿನ ದಾರಿಯನ್ನು ಅಯ್ಯನವರು, ಕಮಿಟಿಯವರು ನೋಡಿಕೊಳ್ಳುತ್ತಾರಲ್ಲ. ಎಲ್ಲರನ್ನೂ ಕೂರಿಸಿ ಮಾತಾಡಿಸಿದರೆ ಸುಮ್ಮನೆ ಜಗಳ ಆಗುವುದಿಲ್ಲವಾ?"

ಕರಾವಳಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಸದಸ್ಯರೆಲ್ಲ ಕೂತು ಸಭೆಯ ಮುಂದಿನ ದಾರಿ ಮಾತಾಡುವ ಸಮಾಲೋಚನೆ ನಡೆಸಿಕೊಡುವ ಯಾರನ್ನೂ ಈ ಪ್ರಶ್ನೆ ಬಿಟ್ಟಿಲ್ಲ. ಸಭೆ ಎಂದರೆ ಇಲ್ಲಿ ಒಂದು ಚರ್ಚಿಗೆ ಸೇರಿದ ಜನ, ಅಯ್ಯನವರೆಂದರೆ ಅದರ ಪಾದ್ರಿ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ.

ಜಗಳ ಈಗಾಗಲೇ ನಡೆಯುತ್ತಿದೆ. ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಡೆಯುತ್ತದೆ, ವಾಟ್ಸಾಪ್ ಗುಂಪಿನಲ್ಲಿ ನಡೆಯುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ನಡೆಯುತ್ತದೆ. ಅಲ್ಲಿ ಜೋರು ಬಾಯಿಯವರ ಮಾತಷ್ಟೇ ಉಳಿಯುತ್ತದೆ. ಎಲ್ಲರೂ ಕೂತಾಗ ಆಗುವುದು ಇಷ್ಟೇ: ಅದೇ ಮಾತು ಎಲ್ಲರ ಎದುರಿಗೆ, ಸರದಿಯಲ್ಲಿ, ಬರೆದುಕೊಳ್ಳುವವರ ಮುಂದೆ ಬರುತ್ತದೆ. ಬರೆದುಕೊಳ್ಳುವವರು ಇದ್ದಾರೆಂದು ಗೊತ್ತಾದರೆ ಮಾತಿಗೆ ತಾನಾಗಿ ಜವಾಬ್ದಾರಿ ಬರುತ್ತದೆ.

"ಕಮಿಟಿಯವರು ನೋಡಿಕೊಳ್ಳುತ್ತಾರೆ" ಎಂಬ ಮಾತಿಗೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಅದು ಎಲ್ಲಿಂದ ಬಂತೆಂದು ಗೊತ್ತಿದ್ದೂ ಸಿಟ್ಟಿದೆ. 1834ರಲ್ಲಿ ನಮ್ಮ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ) ಕಳಿಸಿದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಆಮೇಲಿನ ದಶಕಗಳಲ್ಲಿ ಶಾಲೆ, ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಹೀಗೆ ಎಲ್ಲವೂ ಬಾಸೆಲ್ ಮಿಷನ್ನಿನದೇ ಆಯಿತು. ಜಾತಿ, ಮನೆ, ಕಸುಬು ಎಲ್ಲ ಕಳೆದುಕೊಂಡು ಬಂದ ಎಷ್ಟೋ ಕುಟುಂಬಗಳಿಗೆ ಕೆಲಸ ಕೊಟ್ಟವರೂ ದೇವರ ವಾಕ್ಯ ಕೊಟ್ಟವರೂ ಒಬ್ಬರೇ. ತೀರ್ಮಾನ ಮೇಲಿಂದ ಬರುವುದು ಆಗ ಸಹಜವಾಗಿತ್ತು. 1914ರ ಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಆಮೇಲೆ ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಮೇಲಿನವರು ಒಂದು ದಿನ ಇಲ್ಲವಾಗಬಹುದು ಎನ್ನುವುದನ್ನು ನಮ್ಮ ಸಭೆಗಳಷ್ಟು ಕಷ್ಟಪಟ್ಟು ಕಲಿತವರು ಕಡಿಮೆ. ಆದರೂ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಇನ್ನು ಜಗಳದ ಭಯ ಇದ್ದವರು ಬೈಬಲಿನ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ತೆಗೆಯಲಿ. ಕ್ರೈಸ್ತರ ಮೊದಲ ಸಭೆಯಲ್ಲೇ ಗುಣುಗುಟ್ಟುವಿಕೆ ಎದ್ದಿತ್ತು, ಅದೂ ಊಟದ ವಿಷಯಕ್ಕೆ: ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ಅಪೊಸ್ತಲರು ಬಾಯಿ ಮುಚ್ಚಿಸಲಿಲ್ಲ. ಶಿಷ್ಯರ ಇಡೀ ಗುಂಪನ್ನು ಕರೆದರು, ಏಳು ಮಂದಿಯನ್ನು ಆರಿಸಲು ಅವರಿಗೇ ಹೇಳಿದರು.

ಈಗ ಕೆಲಸದ ಮಾತು. ಕೂರುವ ಮೊದಲು ಒಂದು ಹಾಳೆ ಸಿದ್ಧವಾಗಬೇಕು, ಎರಡು ಮಗ್ಗುಲಿನದು, ಹಿಂದಿನ ಭಾನುವಾರವೇ ಎಲ್ಲರ ಕೈ ಸೇರುವಂತೆ. ಒಂದು ಮಗ್ಗುಲಲ್ಲಿ ಹತ್ತು ವರ್ಷದ ದೀಕ್ಷಾಸ್ನಾನ, ದೃಢೀಕರಣ (ಬೆಳೆದ ಮಕ್ಕಳು ಸಭೆಯ ಪೂರ್ಣ ಸದಸ್ಯರಾಗುವ ವಿಧಿ), ಸಮಾಧಿ ರಿಜಿಸ್ಟರುಗಳ ಲೆಕ್ಕ ಮತ್ತು ನಾಲ್ಕು ಸಾಮಾನ್ಯ ಭಾನುವಾರ ತಲೆ ಎಣಿಸಿದ ಹಾಜರಿ. ಕ್ರಿಸ್ಮಸ್, ಈಸ್ಟರ್, ಬೆಳೆಹಬ್ಬ ಬೇಡ. ಆ ದಿನಗಳ ಜನ ನೋಡಿ ಮಾಡಿದ ಅಂದಾಜು ನಮ್ಮನ್ನು ವರ್ಷವಿಡೀ ಮೋಸ ಮಾಡುತ್ತದೆ. ಸದಸ್ಯರ ಪಟ್ಟಿಯನ್ನೂ ಹಾಗೇ ನಂಬಬೇಡಿ. ಬೆಂಗಳೂರಿಗೋ ಗಲ್ಫಿಗೋ ಹೋದ ಮನೆಗಳು ಮದುವೆಗೂ ಸ್ಮಶಾನದ ಜಾಗಕ್ಕೂ ಹೆಸರು ಉಳಿಸಿಕೊಂಡಿರುತ್ತವೆ. ಅದು ತಪ್ಪಲ್ಲ, ಆದರೆ ಅವರನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಇನ್ನೊಂದು ಮಗ್ಗುಲಲ್ಲಿ ಮೂರು ವರ್ಷದ ಹಣ. ಒಟ್ಟು ಆದಾಯ ಬರೆದರೆ ಏನೂ ತಿಳಿಯುವುದಿಲ್ಲ. ಭಾನುವಾರದ ಕಾಣಿಕೆ, ತಿಂಗಳ ವಂತಿಗೆ, ಬೆಳೆಹಬ್ಬಕ್ಕೆ ತಂದ ವಸ್ತುಗಳ ಏಲಂ, ಚರ್ಚ್ ಹಾಲ್ ಬಾಡಿಗೆ ಎಂದು ಬಿಡಿಸಿ. ಏಲಂ ಜೋರಾದ ವರ್ಷ ಕಾಣಿಕೆ ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಲಿಗೆ ಒಳ್ಳೆಯ ಬಾಡಿಗೆ ಬಂದರೆ ವಂತಿಗೆ ನಿಂತದ್ದೂ ಮರೆತುಹೋಗುತ್ತದೆ. ವಿದೇಶದಲ್ಲಿರುವ ಮಕ್ಕಳು ಕೊಡುತ್ತಾರೆ ಎಂದು ಲೆಕ್ಕ ಹಾಕುವವರು ಒಂದು ವಿಷಯ ತಿಳಿದಿರಲಿ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದಾದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್.ಸಿ.ಆರ್.ಎ.) ನೋಂದಣಿ ಅಥವಾ ಮುಂಚಿನ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ.

ದಿನ ಆರಿಸುವಾಗ ಮಕ್ಕಳ ಪರೀಕ್ಷೆಯ ಮಾರ್ಚ್, ಜಡಿಮಳೆಯ ಜೂನ್-ಜುಲೈ, ಕಮಿಟಿ ಚುನಾವಣೆಯ ಹತ್ತಿರದ ತಿಂಗಳು ಬಿಡಿ. ಚುನಾವಣೆ ಹತ್ತಿರವಿದ್ದರೆ ಪ್ರತಿ ಮಾತೂ ಓಟಿನ ಮಾತಾಗುತ್ತದೆ. ಬೆಂಚುಗಳಲ್ಲಿ ಕೂರಿಸಬೇಡಿ, ಮುಂದಿರುವವರ ಬೆನ್ನು ನೋಡಿಕೊಂಡು ಯಾರೂ ಮನಸ್ಸು ಬಿಚ್ಚುವುದಿಲ್ಲ. ಹಾಲಿನಲ್ಲಿ ಏಳೇಳು ಕುರ್ಚಿಯ ಸುತ್ತು ಹಾಕಿ. ಒಂದೇ ಮನೆಯವರು ಒಂದೇ ಸುತ್ತಿನಲ್ಲಿ ಬೇಡ. ಅಪ್ಪನ ಎದುರು ಮಗ ಮಾತಾಡುವುದಿಲ್ಲ, ಅತ್ತೆಯ ಎದುರು ಸೊಸೆ ಮಾತಾಡುವುದಿಲ್ಲ. ಪ್ರತಿ ಸುತ್ತಿಗೂ ಒಬ್ಬರು ಬರೆದುಕೊಳ್ಳುವವರು, ಅವರು ಕಮಿಟಿಯವರಾಗಿರಬಾರದು. ಅಯ್ಯನವರು ಆರಂಭದ ಪ್ರಾರ್ಥನೆ ಮಾಡಿ ಯಾವ ಸುತ್ತಿಗೂ ಸೇರದೆ ಇರಲಿ. ಅವರು ಒಳ್ಳೆಯವರಾದಷ್ಟೂ ಜನ ಅವರಿಗೆ ಇಷ್ಟವಾಗುವುದನ್ನೇ ಹೇಳುತ್ತಾರೆ.

ಮಾತು ಮೂರು ಸಲ ಸುತ್ತಬೇಕು. ಮೊದಲು ಒಬ್ಬೊಬ್ಬರಿಗೆ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಎರಡು ನಿಮಿಷ ಮೌನ. ಎರಡನೆಯ ಸಲ ತಮ್ಮ ಮಾತಲ್ಲ, ಬೇರೆಯವರಿಂದ ಕೇಳಿ ಮನಸ್ಸಿಗೆ ತಟ್ಟಿದ್ದು. ಮತ್ತೆ ಮೌನ. ಮೂರನೆಯದರಲ್ಲಿ ಮಾತ್ರ ಚರ್ಚೆ. ಕಥೋಲಿಕ ಸಭೆ 2023ರಲ್ಲಿ ರೋಮಿನ ಸಿನೊಡಿನಲ್ಲಿ (ಲೋಕದ ಬಿಷಪರ ಸಮಾಲೋಚನೆ) ಬಿಷಪರನ್ನೂ ಮತದ ಹಕ್ಕು ಪಡೆದ ಹೆಂಗಸರನ್ನೂ ದುಂಡು ಮೇಜುಗಳಲ್ಲಿ ಕೂರಿಸಿ ನಡೆಸಿದ್ದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಮೌನ ಕತ್ತರಿಸಿದರೆ ಎರಡನೆಯ ಸಲದ ಮಾತು ಕೆಡುತ್ತದೆ, ಜನ ಕೇಳುವುದು ಬಿಟ್ಟು ತಮ್ಮ ಉತ್ತರ ಕಟ್ಟತೊಡಗುತ್ತಾರೆ.

"ಸಭೆಯ ಭವಿಷ್ಯ ಏನು?" ಎಂದು ಕೇಳಿದರೆ ಎಲ್ಲ ಸುತ್ತಿನಿಂದಲೂ "ಯುವಕರು ಬರುತ್ತಿಲ್ಲ" ಎಂಬ ಒಂದೇ ಉತ್ತರ ಬರುತ್ತದೆ, ಅದೂ ಯುವಕರಲ್ಲದವರಿಂದ. ಹೀಗೆ ಕೇಳಿ: ಕಳೆದ ವರ್ಷ ನಿಮ್ಮ ಮನೆಗೆ ಸಭೆ ಬೇಕೇಬೇಕು ಅನಿಸಿದ್ದು ಯಾವಾಗ, ಆಗ ಯಾರು ಬಂದರು? ಮತ್ತೊಂದು: ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ನಿಲ್ಲಿಸಿದರೆ ನಿಮಗೆ ನೋವಾಗುವುದಿಲ್ಲ? ಎರಡನೆಯ ಪ್ರಶ್ನೆಗೆ ಹಾಲ್ ಒಮ್ಮೆ ಗಪ್ಪಾಗುತ್ತದೆ. ಆಮೇಲೆ ಬರುವ ಮಾತುಗಳು ಚಿನ್ನ.

ಇಷ್ಟೆಲ್ಲ ಕೇಳಿದವರು ಜಗಳದ ಬಗ್ಗೆ ಕೇಳುತ್ತಾರೆಯೇ ಹೊರತು, ಬಾರದವರ ಮಾತು ಯಾರು ತರುತ್ತಾರೆ ಎಂದು ಕೇಳುವುದಿಲ್ಲ. ನನಗೆ ಬೇಕಾದದ್ದು ಆ ಪ್ರಶ್ನೆ. ಸಮಾಲೋಚನೆ ಸೋಲುವುದು ಜಗಳದಿಂದಲ್ಲ, ಖಾಲಿ ಕುರ್ಚಿಗಳಿಂದ.

ಮೊದಲ ಖಾಲಿ ಕುರ್ಚಿಗಳು ಅಡುಗೆಮನೆಯವು. ಮಧ್ಯಾಹ್ನದ ಊಟವನ್ನು ಸ್ತ್ರೀಯರ ಕೂಟಕ್ಕೆ ವಹಿಸಿದರೆ ಸಭೆಯನ್ನು ಹೊತ್ತವರೇ ಒಲೆಯ ಮುಂದಿರುತ್ತಾರೆ. ಆ ದಿನ ಊಟ ಹೊರಗಿಂದ ಬರಲಿ. ಕೋಳಿ ಸುಕ್ಕಕ್ಕೆ ಉಪ್ಪು ಕಡಿಮೆಯಾದರೂ ಸಭೆಗೆ ನಷ್ಟವಿಲ್ಲ. ಸಂಡೇ ಸ್ಕೂಲ್ ಟೀಚರುಗಳ ಮಕ್ಕಳನ್ನು ಮಾತು ನಡೆಯುವಷ್ಟು ಹೊತ್ತು ಬೇರೆಯವರು ನೋಡಿಕೊಳ್ಳಲಿ. ಬಸ್ಸಿನಲ್ಲಿ ಬರುವವರ ಕೊನೆಯ ಬಸ್ಸಿನ ಹೊತ್ತು ಕೇಳಿಕೊಂಡು ಮುಗಿಸುವ ಗಂಟೆ ಇಡಿ. ಗಂಟೆ ಹೊಡೆಯುವವರು, ಗುಡಿಸುವವರು ಸದಸ್ಯರೇ ಆಗಿದ್ದರೆ ಅವರಿಗೂ ಕುರ್ಚಿ ಇರಲಿ.

ಮಂಚ ಹಿಡಿದವರ ಮನೆಗೆ ಇಬ್ಬರು ಹೋಗಿ, ಅವೇ ಎರಡು ಪ್ರಶ್ನೆ ಕೇಳಿ, ಅವರು ಹೇಳಿದ ಹಾಗೇ ಬರೆದು ಓದಿ ಹೇಳಬೇಕು. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆಯಿರಿ. ಗಲ್ಫಿನವರಿಗೆ ಫೋನು ಮಾಡುವಾಗ ಅವರ ರಜೆ ನೋಡಿ: ಸೌದಿ, ಕುವೈತ್, ಕತಾರಿನಲ್ಲಿ ಶುಕ್ರವಾರ, ಯು.ಎ.ಇ.ಯಲ್ಲಿ 2022ರಿಂದ ಶನಿವಾರ, ಭಾನುವಾರ. ಬರುವುದನ್ನೇ ಬಿಟ್ಟವರ ಮನೆಗೆ ಅವರನ್ನು ನೋಯಿಸಿದವರನ್ನು ಕಳಿಸಬೇಡಿ. ಇದನ್ನು ಹೇಳಬೇಕಾಗಿ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಬಂದ ಮಾತುಗಳನ್ನೆಲ್ಲ ಎರಡು ವಾರದೊಳಗೆ, ಹೆಸರು ತೆಗೆದು, ತಿದ್ದದೆ, ಚರ್ಚಿನ ಬೋರ್ಡಿಗೆ ಹಾಕಿ. ತಡವಾದರೆ ಕಮಿಟಿ ಬಚ್ಚಿಟ್ಟಿತು ಎಂಬ ಮಾತು ಹುಟ್ಟುತ್ತದೆ. ಆಮೇಲೆ ವಿಂಗಡಿಸಿ: ಸಭೆ ತಾನೇ ಮಾಡಬಹುದಾದದ್ದು ಒಂದು ಕಡೆ, ಸಭಾಪ್ರಾಂತದ (ಬಿಷಪರ ಆಡಳಿತದ ಡಯಾಸಿಸ್) ಒಪ್ಪಿಗೆ ಬೇಕಾದದ್ದು ಇನ್ನೊಂದು ಕಡೆ. "ರಸ್ತೆ ಬದಿಗೆ ಕಾಂಪ್ಲೆಕ್ಸ್ ಕಟ್ಟೋಣ" ಎಂಬ ಸಲಹೆ ಬಂದೇ ಬರುತ್ತದೆ, ಬಂದರೆ ಬೇರೆಲ್ಲವನ್ನೂ ನುಂಗುತ್ತದೆ. ಸಾಮಾನ್ಯವಾಗಿ ಜಾಗ ಆಸ್ತಿ ನೋಡಿಕೊಳ್ಳುವ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ, ನಾವು ಹಾಲಿನಲ್ಲಿ ಕೈಯೆತ್ತಿ ತೀರ್ಮಾನಿಸುವ ವಿಷಯವಲ್ಲ. ಅದನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಕೊನೆಗೆ ಇಡಿ.

ಮೊದಲ ವರ್ಷಕ್ಕೆ ಮೂರೇ ಕೆಲಸ, ಜೊತೆಗೆ ನಿಲ್ಲಿಸುವುದು ಒಂದು. ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ಮೊತ್ತ, ಒಂದು ತಾರೀಖು. ಅಯ್ಯನವರಿಗೆ ವರ್ಗಾವಣೆಯಾದ ಕೂಡಲೇ ಕಡತ ಕಪಾಟು ಸೇರುವುದು ಎಲ್ಲ ಕಡೆಯ ಕಥೆ. ಆದ್ದರಿಂದ ನಿರ್ಣಯ ಪುಸ್ತಕದಲ್ಲಿ ಕಮಿಟಿಯ ಹೊರಗಿನ ಇಬ್ಬರು ಸದಸ್ಯರ ಸಹಿಯೂ ಇರಲಿ, ಒಬ್ಬರು ಹೆಂಗಸಾಗಿರಲಿ. ಆರು ತಿಂಗಳಾದ ಮೇಲೆ ಆರಾಧನೆಯ ಪ್ರಕಟಣೆಗಳ ಹೊತ್ತಿಗೆ ಆ ಇಬ್ಬರೇ ಎದ್ದು ಆದದ್ದನ್ನೂ ಆಗದ್ದನ್ನೂ ಓದಬೇಕು. ಆ ಭಾನುವಾರದ ತಾರೀಖನ್ನು ಈಗಲೇ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.