ರೆಗ್ಯುಲೇಟರ್ ಸಿಕ್ಕಿಬಿತ್ತು: ಮೇಲಕ್ಕೆ ಹೋಗುತ್ತಿದ್ದ ಮೊದಲ ಪೆಲೆಟ್

ಕಳ್ಳ ಕೊನೆಗೂ ಸಿಕ್ಕಿಬಿದ್ದ! ನನ್ನ 10 ಮೀಟರ್ ಏರ್ ರೈಫಲ್‌ನಲ್ಲಿ ಬಿಡುವು ತಗೊಂಡು ಮತ್ತೆ ನಿಂತಾಗ ಮೊದಲ ಪೆಲೆಟ್ (ಸೀಸದ ಪುಟ್ಟ ಗುಂಡು) ಮಾತ್ರ ಗುರಿಗಿಂತ ಮೇಲಕ್ಕೆ ಹೋಗುತ್ತಿತ್ತು. ಅದಕ್ಕೆ ಕಾರಣ, ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಪ್ರತಿ ಗುಂಡಿಗೂ ಒಂದೇ ಸಮ ಕೊಡುವ ರೆಗ್ಯುಲೇಟರ್ ಒಳಗಿನ, ಗಾಳಿಯ ದಾರಿ ಮುಚ್ಚುವ ಪುಟ್ಟ ಪ್ಲಾಸ್ಟಿಕ್ ಸೀಟ್.

ಎರಡನೇ ಗುಂಡಿನಿಂದ ಎಲ್ಲ ಸರಿಯಾಗುತ್ತಿತ್ತು. ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಎದ್ದರೆ ಮತ್ತೆ ಅದೇ ರಾಗ. ರೇಂಜ್‌ನಲ್ಲಿ ಎಲ್ಲರೂ ಹೇಳಿದ್ದು ಒಂದೇ: ಪೊಸಿಷನ್ ಸರಿ ಕೂರುತ್ತಿಲ್ಲ, ಕೆನ್ನೆ ಇಡುವ ಜಾಗ ಬದಲಾಗುತ್ತಿದೆ, ಉಸಿರು ನೋಡಿಕೋ. ಅನುಮಾನ ನ್ಯಾಯವಾದದ್ದೇ. ಹಾಗಾಗಿ ರೈಫಲನ್ನು ಅಲುಗಾಡದಂತೆ ಹಿಡಿಯುವ ವೈಸ್‌ಗೆ ಕಚ್ಚಿಸಿ ಹೊಡೆದೆ. ಅಲ್ಲೂ ಮೊದಲನೆಯದು ಮೇಲೆ. ವೈಸ್ ಏನು ಉಸಿರಾಡುತ್ತದಾ?

ಗೆಳೆಯರೊಬ್ಬರ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ತಂದು ನೋಡಿದರೆ, ಬಿಡುವಿನ ನಂತರದ ಗುಂಡು ಸೆಕೆಂಡಿಗೆ 178 ಮೀಟರ್, ಉಳಿದವು 170ರ ಆಸುಪಾಸು. ಸಣ್ಣ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 170ರಲ್ಲಿ ಹತ್ತು ಮೀಟರಿಗೆ ಪೆಲೆಟ್ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ, 178ರಲ್ಲಿ 15.5. ಅಂದರೆ ಒಂದೂವರೆ ಮಿಲಿಮೀಟರ್ ಮೇಲೆ. ನಮ್ಮ ಟಾರ್ಗೆಟ್‌ನಲ್ಲಿ ಒಂದು ಅಂಕಕ್ಕೆ 2.5 ಮಿ.ಮೀ., ಒಂದು ದಶಮಾಂಶಕ್ಕೆ ಕಾಲು ಮಿಲಿಮೀಟರ್. 10.5 ಆಗಬೇಕಿದ್ದ ಗುಂಡು 9.9 ಆಗಿಬಿಡುತ್ತದೆ! 2008ರ ಬೀಜಿಂಗ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮ ಇದ್ದರು. ಬಿಂದ್ರಾ 10.8, ಹಕ್ಕಿನೆನ್ 9.7. ಮೂರು ಮಿಲಿಮೀಟರ್ ಕೂಡ ಇಲ್ಲದ ಅಂತರದಲ್ಲಿ ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಕಂಚು. ಒಂದೂವರೆ ಮಿಲಿಮೀಟರನ್ನು ಸುಮ್ನೆ ಬಿಡೋಕಾಗುತ್ತಾ?

ಸಿಲಿಂಡರ್ ಗಾಳಿ ಪೂರ್ತಿ ಖಾಲಿ ಮಾಡಿ ರೆಗ್ಯುಲೇಟರ್ ಬಿಚ್ಚಿದೆ. ಭೂತಗನ್ನಡಿ ಹಿಡಿದಾಗ ಬಿಳಿ ಸೀಟಿನ ಮೇಲೆ ಉಂಗುರದ ಗುರುತು ಕಂಡಿತು. ಅದರ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಗೀರು, ಗೀರಿನ ತುದಿಯಲ್ಲಿ ಮಿನುಗುವ ಅಲ್ಯೂಮಿನಿಯಂ ಚೂರು. ವಾಷರ್ ಸವೆದ ನಲ್ಲಿಯಂತೆ ಗಾಳಿ ಅಲ್ಲಿಂದ ಮೆಲ್ಲಗೆ ಜಿನುಗುತ್ತಿತ್ತು. ರೈಫಲ್ ಸುಮ್ಮನಿದ್ದಷ್ಟು ಹೊತ್ತು ರೆಗ್ಯುಲೇಟರಿನ ಮುಂದೆ ಗುಂಡಿಗಾಗಿ ಗಾಳಿ ಕಾದಿರುವ ಪುಟ್ಟ ಕೋಣೆಯಲ್ಲಿ ಒತ್ತಡ ಏರುತ್ತದೆ, ಮೊದಲ ಗುಂಡು ಅದನ್ನೆಲ್ಲ ತಗೊಂಡು ಹೋಗುತ್ತದೆ.

ಇನ್ನು ಬಿಡಿಭಾಗದ ಗೋಳು. ಸೀಟ್ ಕೇಳಿದರೆ ಒಬ್ಬರು ಓ-ರಿಂಗ್ (ರಬ್ಬರ್ ಬಳೆ) ಕಳಿಸಿದರು. ಫೋಟೋ ಹಾಕಿ ವಿವರಿಸಿದ ಮೇಲೆ ಇನ್ನೊಂದು ಅಳತೆಯ ಓ-ರಿಂಗ್ ಬಂತು! ಆಮೇಲೆ ಯಾವಾಗ ಫೋನ್ ಮಾಡಿದರೂ "ಕಸ್ಟಮ್ಸ್‌ನಲ್ಲಿದೆ ಸರ್, ನಾಳೆ ಬರುತ್ತೆ". ಸಾವಿರಾರು ರೂಪಾಯಿ ಕೊಟ್ಟು ಕಾಯುವವರಿಗೆ ನಿಜ ಹೇಳುವುದಕ್ಕೇನು ಕಷ್ಟ? ಆ ಸಮಯದಲ್ಲಿ ಮನೆಯ ಖಾಲಿ ಗೋಡೆಗೆ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಹೊಡೆಯುವ ಅಭ್ಯಾಸ, ಮಾಡುತ್ತಿದ್ದೆ. ಟಾರ್ಗೆಟ್ ಇಲ್ಲದಿರುವಾಗ ಟ್ರಿಗರ್ ಎಳೆದ ಕ್ಷಣದಲ್ಲಿ ಫ್ರಂಟ್ ಸೈಟ್ ಯಾವ ಕಡೆ ಎಗರುತ್ತದೆ ಅನ್ನೋದು ಸ್ಪಷ್ಟವಾಗಿ ಕಾಣುತ್ತದೆ. ನನ್ನದು ಬಲಕ್ಕೆ ಎಗರುತ್ತಿತ್ತು, ಈಗ ಬಹಳ ಕಡಿಮೆ.

ಕೊನೆಗೆ ಬೇರೆ ಕಡೆಯಿಂದ ಸರಿಯಾದ ಸೀಟ್ ಬಂತು. ಹಾಕಿ, ಅರ್ಧ ಗಂಟೆ ಬಿಟ್ಟು ಹೊಡೆದೆ: 171. ಮುಂದಿನದು 170. ಕುಣಿದಾಡುವಷ್ಟು ಖುಷಿಯಾಯಿತು! ಚೂರು ಬಂದದ್ದು ಗಾಳಿ ತುಂಬುವ ಅಡಾಪ್ಟರಿನ ಥ್ರೆಡ್‌ನಿಂದ. ನಿಮ್ಮದನ್ನೂ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ.

ಕೊಡಗಿನ ಗೆಳೆಯನಿಗೆ ಇದೆಲ್ಲ ಹೇಳಿದರೆ, "ಕೈಲ್ ಮುಹೂರ್ತಕ್ಕೆ ಬಾ ಮಾರಾಯ, ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ದಶಮಾಂಶ ಬೇಡ" ಅಂದ. ಕೈಲ್ ಮುಹೂರ್ತ ಅಂದರೆ ಕೊಡವರ ಆಯುಧ ಪೂಜೆಯ ಹಬ್ಬ. ಹೋಗುತ್ತೇನೆ. ಅಲ್ಲಿಂದ ಹಲಸಿನ ಮರದ ತುಂಡೊಂದನ್ನೂ ತರಬೇಕು, ಯಾಕಂದರೆ ಮುಂದಿನ ಕೆಲಸ ಗ್ರಿಪ್ (ರೈಫಲಿನ ಕೈಹಿಡಿ). ಬೀಟೆ ನೋಡೋಕೆ ಚೆಂದ, ಆದರೆ ಭಾರ ಜಾಸ್ತಿ, ನನ್ನ ರೈಫಲ್ ಈಗಾಗಲೇ 5.5 ಕೆ.ಜಿ. ಮಿತಿಯ ಹತ್ತಿರವಿದೆ. ಹಲಸಿನ ಮರದಲ್ಲಿ ಗ್ರಿಪ್ ಕೆತ್ತಿದವರಿದ್ದರೆ ಹೇಳಿ: ಅಂಗೈ ಬೆವರಿಗೆ ಬರೀ ಎಣ್ಣೆ ಸಾಕಾ, ಪಾಲಿಶ್ ಬೇಕಾ?