ನೀಲಿ ಪರದೆಯ ಜಾಡು ಹಿಡಿದು

ಎರಡು ತಿಂಗಳಿನಿಂದ ಮನೆಯ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ನೀಲಿ ಪರದೆ ತೋರಿಸಿ ನಿಂತುಹೋಗುತ್ತಿತ್ತು. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಮತ್ತೊಮ್ಮೆ ‘ಪೇಜ್ ಫಾಲ್ಟ್’ ಎಂದು ಪ್ರತಿ ಸಲವೂ ಬೇರೆಯೇ ಸಂದೇಶ ಕಾಣಿಸುತ್ತಿದ್ದುದರಿಂದ ನನ್ನ ಅನುಮಾನ ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್ ಕಡೆಗೆ ತಿರುಗಿತು; ಯಂತ್ರಭಾಗವೊಂದನ್ನು ನಡೆಸುವ ತಂತ್ರಾಂಶ, ಅಂದರೆ ಒಂದೇ ಡ್ರೈವರ್ ಕೆಟ್ಟಿದ್ದರೆ, ಪ್ರತಿ ಕುಸಿತದ ವಿವರ ದಾಖಲಾಗುವ ಮಿನಿಡಂಪ್ ಕಡತಗಳಲ್ಲಿ ಸಾಮಾನ್ಯವಾಗಿ ಅದರ ಹೆಸರೇ ಮರುಕಳಿಸುತ್ತದೆ. (ಅಷ್ಟರಲ್ಲಿ ವಿಂಡೋಸನ್ನು ಹೊಸದಾಗಿ ಅಳವಡಿಸಿ ಒಂದು ಭಾನುವಾರವನ್ನು ವ್ಯರ್ಥ ಮಾಡಿಕೊಂಡಿದ್ದೆ.) ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಾ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದಾಗ ದೋಷದ ಸಾಲುಗಳು ಮೂಡಿದವು. 8 ಜಿಬಿಯ ಎರಡು ರ‍್ಯಾಮ್‌ಗಳನ್ನು ಒಂದೇ ಸ್ಲಾಟಿನಲ್ಲಿ ಒಂದಾದ ಮೇಲೊಂದರಂತೆ ಇರಿಸಿ ಪರೀಕ್ಷಿಸಿದಾಗ, ಒಂದರಲ್ಲಿ ಮಾತ್ರ ತಪ್ಪುಗಳು ಕಂಡವು. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸಿನಲ್ಲಿ, ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ನಿಲ್ಲಿಸಿ ವೇಗವನ್ನು 3200ರಿಂದ 2133ಕ್ಕೆ ಇಳಿಸಿದರೂ ಅದು ಸರಿಹೋಗದ ಕಾರಣ ತೆಗೆದಿರಿಸಿದ್ದೇನೆ. ಕಂಪ್ಯೂಟರ್ ಈಗ ತುಸು ನಿಧಾನವಾಗಿದೆ, ಆದರೆ ಮೂರು ವಾರಗಳಿಂದ ನೀಲಿ ಪರದೆ ಕಂಡಿಲ್ಲ.