ಎಂಪೈರ್ ಅಂದ್ರೆ ಮೊದಲು ನೆಲ ಅಲ್ಲ

ಎಂಪೈರ್ ಅಂದ ಕೂಡಲೇ ಕಣ್ಣಮುಂದೆ ಬರೋದು ದೊಡ್ಡ ನಕ್ಷೆ, ಅಲ್ವಾ? ಆದರೆ ಆ ಪದದ ಬೇರು ಲ್ಯಾಟಿನ್‌ನ ಇಂಪೇರಿಯಂ. ಅದರ ಮೊದಲ ಅರ್ಥ ಅಪ್ಪಣೆ ಕೊಡುವ ಅಧಿಕಾರ. ಆಗ ರೋಮ್‌ನಲ್ಲಿ ಚಕ್ರವರ್ತಿಯೇ ಇರಲಿಲ್ಲ, ವರ್ಷಕ್ಕೊಮ್ಮೆ ಆಯ್ಕೆಯಾಗುವ ಕಾನ್ಸಲ್ ಎಂಬ ಉನ್ನತ ಅಧಿಕಾರಿಗೆ ಈ ಅಧಿಕಾರ ಇತ್ತು. ಅವನು ಬೀದಿಗೆ ಬಂದರೆ ಮುಂದೆ 12 ಜನ ಲಿಕ್ಟರ್‌ಗಳು, ಅಂದರೆ ಬೆಂಗಾವಲಿನವರು, ಅವರ ಹೆಗಲ ಮೇಲೆ ಕೋಲುಗಳ ಕಟ್ಟು, ಅಂದರೆ ಹೊಡೆಸಬಲ್ಲೆ ಅಂತ. ನಗರದ ಗಡಿ ದಾಟಿದರೆ ಆ ಕಟ್ಟಿನೊಳಗೆ ಕೊಡಲಿಯೂ ಸೇರುತ್ತಿತ್ತು, ಅಲ್ಲಿ ತಲೆಯನ್ನೂ ತೆಗೆಸಬಹುದು. ಆ ಕೊಡಲಿ ಬೆಳಗ್ಗೆಯಿಂದ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ನಮ್ಮ ಸಾಮ್ರಾಜ್ಯ ಪದದೊಳಗೆ ಸಮ್ರಾಟ ಇದ್ದಾನೆ, ಎಂಪೈರ್ ಒಳಗೆ ಇರೋದು ಅಪ್ಪಣೆ. ಅದು ನಡೆಯುವಷ್ಟು ನೆಲಕ್ಕೂ ಅದೇ ಹೆಸರು ಅಂಟಿದ್ದು ಆಮೇಲೆ.